ಪಿಗ್ಮಿ ಸಂಗ್ರಾಹಕನಿಗೆ ಎಷ್ಟು ಕಾಣಬೇಕು? ವೆಬ್ ತಂತ್ರಾಂಶದಲ್ಲಿ ಪಾತ್ರ ಮತ್ತು ಅನುಮತಿಗಳ ವ್ಯವಸ್ಥೆ

ಪತ್ತಿನ ಸಹಕಾರಿ ಸಂಘಕ್ಕೆ ತಂತ್ರಾಂಶ ಬರೆಯಲು ಹೊರಟ ಹೊಸಬರು ನನಗೆ ಮೊದಲು ತೋರಿಸುವುದು, ಯಾರದು ಯಾವ ಬಗೆಯ ಕೆಲಸ ಎಂದು ತಂತ್ರಾಂಶಕ್ಕೆ ತಿಳಿಸುವ ಪಾತ್ರಗಳ ಪಟ್ಟಿಯನ್ನು: ಅಡ್ಮಿನ್, ಮ್ಯಾನೇಜರ್, ಸ್ಟಾಫ್. ಮೂರೇ ಸಾಲು. ಸಂಘದ ಮೆಟ್ಟಿಲು ಹತ್ತದೆಯೇ ಬರೆದ ಪಟ್ಟಿ ಎಂಬುದು ಅಷ್ಟರಲ್ಲೇ ತಿಳಿದುಬಿಡುತ್ತದೆ. ಯಾವ ಸಂಘದಲ್ಲೂ ‘ಸ್ಟಾಫ್’ ಎಂಬ ಒಬ್ಬ ಮನುಷ್ಯ ಇರುವುದಿಲ್ಲ. ನಗದು ಕೌಂಟರಿನಲ್ಲಿ ಕೂರುವವರು ಬೇರೆ, ಸಾಲದ ಅರ್ಜಿ ಪಡೆದು ದಾಖಲೆ ನೋಡುವವರು ಬೇರೆ, ಅಡಮಾನಕ್ಕೆ ಬಂದ ಬಳೆಯನ್ನು ಒರೆಗಲ್ಲಿಗೆ ಉಜ್ಜಿ ಬೆಲೆ ಹೇಳುವ ಸರಾಫರು ಬೇರೆ. ಇವರ ಜೊತೆಗೆ, ಬೆಳಿಗ್ಗೆ ಸ್ಕೂಟರ್ ಹತ್ತಿ, ಬಂದರು ಪ್ರದೇಶದ ಅಂಗಡಿಗಳನ್ನು ಸುತ್ತಿ ದಿನದ ಉಳಿತಾಯದ ಹಣ ವಸೂಲು ಮಾಡುವ ಪಿಗ್ಮಿ ಸಂಗ್ರಾಹಕ ಇದ್ದಾನೆ. ಅವನು ಕಚೇರಿಯ ಕುರ್ಚಿಯಲ್ಲಿ ಕೂರುವುದೇ ಅಪರೂಪ.

ನಾನು ಮಂಗಳೂರಿನ ಹಂಪನಕಟ್ಟೆಯ ಸಮೀಪ ಸಣ್ಣ ಕಚೇರಿ ಇಟ್ಟುಕೊಂಡು ಇಂತಹ ಸಂಘಗಳಿಗೇ ತಂತ್ರಾಂಶ ಮಾಡಿಕೊಡುವವಳು. ಯಾರು ಏನು ಮಾಡಬಹುದು, ಯಾರು ಏನು ನೋಡಬಹುದು ಎಂಬುದನ್ನು ಸರಿಯಾಗಿ ಕಟ್ಟುವುದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ಸಹಕಾರಿ ಸಂಘದವು. ಆಸ್ಪತ್ರೆಗಾಗಲಿ ಕಾಲೇಜಿಗಾಗಲಿ ತಂತ್ರಾಂಶ ಬರೆಯುವವರು ಹೆಸರುಗಳನ್ನು ಬದಲಾಯಿಸಿಕೊಂಡರೆ ಸಾಕು.

ಮೂಲ ವಿಚಾರ ಸರಳವಾದದ್ದು. ಅನುಮತಿಗಳನ್ನು ನೇರವಾಗಿ ವ್ಯಕ್ತಿಗೆ ಕೊಡಬೇಡಿ. ಅನುಮತಿಯನ್ನು ಪಾತ್ರಕ್ಕೆ ಕೊಡಿ, ಪಾತ್ರವನ್ನು ವ್ಯಕ್ತಿಗೆ ಕೊಡಿ. ಇದನ್ನು 1992ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಒಂದು ಪ್ರಬಂಧದಲ್ಲಿ ಕ್ರಮಬದ್ಧವಾಗಿ ಮಂಡಿಸಿದರು. 1996ರಲ್ಲಿ ರವಿ ಸಂಧು ಮತ್ತು ಜೊತೆಗಾರರು ಅದಕ್ಕೆ ಪಾತ್ರಗಳ ಶ್ರೇಣಿ ಮತ್ತು ನಿರ್ಬಂಧಗಳನ್ನು ಸೇರಿಸಿ ಮಾದರಿಗಳನ್ನು ರೂಪಿಸಿದರು. 2004ರಲ್ಲಿ ಅದು ಅಮೆರಿಕದಲ್ಲಿ ಅಧಿಕೃತ ಮಾನಕವೂ ಆಯಿತು. ವಿಚಾರ ಇಷ್ಟು ಹಳೆಯದಾದರೂ, ವೆಬ್ ಸುರಕ್ಷತೆಯ ದೋಷಗಳನ್ನು ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆಯ 2021ರ ಪಟ್ಟಿಯಲ್ಲಿ ಮೊದಲ ಸ್ಥಾನ ಪ್ರವೇಶ ನಿಯಂತ್ರಣದ ವೈಫಲ್ಯಕ್ಕೇ ಸಿಕ್ಕಿತು. ಅದಕ್ಕೆ ಹಿಂದಿನ ಪಟ್ಟಿಯಲ್ಲಿ ಅದು ಐದನೆಯದಾಗಿತ್ತು. ಸೂತ್ರ ಗೊತ್ತಿದ್ದೂ ಜನ ಎಡವುವುದು ಎಲ್ಲಿ ಎಂದರೆ, ಕೋಡ್ ಕೇಳುವ ಪ್ರಶ್ನೆಯಲ್ಲಿ. ‘ಇವರು ಮ್ಯಾನೇಜರೇ?’ ಎಂದು ಕೇಳಿ ಸುಮ್ಮನಾಗುವ ಕೋಡ್ ಇಂದಲ್ಲ ನಾಳೆ ಕೈಕೊಡುತ್ತದೆ. ಕೇಳಬೇಕಾದ ಪ್ರಶ್ನೆ ಇಷ್ಟುದ್ದ ಇದೆ: ಈ ವ್ಯಕ್ತಿ, ಈ ಕೆಲಸವನ್ನು, ಈ ಖಾತೆಯ ಮೇಲೆ, ಈಗ ಮಾಡಬಹುದೇ? ಮುಂದೆ ಬರುವುದೆಲ್ಲ ಈ ಪ್ರಶ್ನೆಯ ಒಂದೊಂದು ತುಂಡಿನ ವಿವರ.

ಕೆಲಸಗಳ ಪಟ್ಟಿ ಮೊದಲು, ಪಾತ್ರ ಆಮೇಲೆ

ಕಂಪ್ಯೂಟರ್ ಮುಚ್ಚಿಡಿ. ಒಂದು ನೋಟ್‌ಪುಸ್ತಕ ಹಿಡಿದು ಶಾಖೆಯೊಂದರಲ್ಲಿ ಬಾಗಿಲು ತೆಗೆಯುವ ಹೊತ್ತಿನಿಂದ ದಿನದ ಲೆಕ್ಕ ಮುಗಿಯುವವರೆಗೆ ಕುಳಿತುಕೊಳ್ಳಿ. ಯಾರ ಹುದ್ದೆ ಏನು ಎಂದು ಕೇಳಬೇಡಿ, ಯಾರ ಕೈ ಯಾವ ಕಾಗದದ ಮೇಲೆ ಓಡಾಡುತ್ತದೆ ಎಂದು ನೋಡಿ. ಖಾತೆ ತೆರೆಯುವುದು, ನಗದು ಪಡೆಯುವುದು, ನಗದು ಕೊಡುವುದು, ವೋಚರ್ ಬರೆಯುವುದು, ವೋಚರ್ ಪಾಸು ಮಾಡುವುದು, ಬಡ್ಡಿ ದರ ಬದಲಿಸುವುದು, ಅಡವಿಟ್ಟ ಆಭರಣ ಬಿಡುಗಡೆ ಮಾಡುವುದು, ದಿನವಹಿ ಮುಚ್ಚುವುದು. ಹೀಗೆ ಬರೆಯುತ್ತಾ ಹೋದರೆ ಎರಡು ಮೂರು ಪುಟ ತುಂಬುತ್ತದೆ. ಇವೇ ನಿಮ್ಮ ಅನುಮತಿಗಳು. ತಂತ್ರಾಂಶದಲ್ಲಿ ವಸ್ತು ಮತ್ತು ಕ್ರಿಯೆಯನ್ನು ಜೋಡಿಸಿ ಹೆಸರಿಡಿ: ‘ಠೇವಣಿ.ನೋಡು’, ‘ವೋಚರ್.ಬರೆ’, ‘ವೋಚರ್.ಪಾಸುಮಾಡು’, ‘ಆಭರಣ.ಬಿಡುಗಡೆಮಾಡು’.

‘ನೋಡು’ ಎಂಬುದನ್ನು ಮರೆಯುವವರು ಬಹಳ. ಬರೆಯುವುದಕ್ಕೆ ಬೀಗ ಹಾಕಿ ಓದುವುದನ್ನು ಬಯಲಿಗೆ ಬಿಡುತ್ತಾರೆ. ನಮ್ಮದು ಒಬ್ಬರ ಮನೆಯ ಸುದ್ದಿ ಇನ್ನೊಬ್ಬರಿಗೆ ಗೊತ್ತಿರುವ ಊರು. ಮದುವೆಯ ಪ್ರಸ್ತಾಪ ಬಂದಾಗ ಹುಡುಗನ ಮನೆಯವರ ನಿರಖು ಠೇವಣಿ ಎಷ್ಟಿದೆ ಎಂದು ಸಂಘದ ಗುಮಾಸ್ತರ ಕಿವಿಯಲ್ಲಿ ಮೆಲ್ಲಗೆ ಕೇಳುವ ನೆಂಟರಿಗೆ ಇಲ್ಲಿ ಬರವಿಲ್ಲ. ಗುಮಾಸ್ತರು ಒಳ್ಳೆಯವರೇ ಇರಬಹುದು. ಆದರೂ ನಗದು ಕೊಡುವವರಿಗೆ ಆ ಉಳಿತಾಯ ಖಾತೆಯ ಶಿಲ್ಕು ಮತ್ತು ಸಹಿಯ ಮಾದರಿ ಕಂಡರೆ ಸಾಕು, ಅದೇ ಸದಸ್ಯರ ಎಲ್ಲ ಠೇವಣಿಗಳ ಸಾಲು ಅವರ ಪರದೆಯ ಮೇಲೆ ಬರಬೇಕಾದ ಅಗತ್ಯವಿಲ್ಲ.

ಈಗ ಪಾತ್ರಗಳು. ಹುದ್ದೆಯ ಹೆಸರನ್ನು ಪಾತ್ರಕ್ಕೆ ಇಡದಿರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಒಂದು ಸಂಘದ ಹಿರಿಯ ಗುಮಾಸ್ತ ಇನ್ನೊಂದು ಸಂಘದ ಶಾಖಾ ವ್ಯವಸ್ಥಾಪಕರಷ್ಟೇ ಕೆಲಸ ಮಾಡುತ್ತಿರುತ್ತಾರೆ. ಬಡ್ತಿ ಸಿಕ್ಕಾಗ ಹುದ್ದೆ ಬದಲಾಗುತ್ತದೆ, ಮೇಜಿನ ಮೇಲಿನ ಕೆಲಸ ಬದಲಾಗದೆ ಇರುವುದೂ ಉಂಟು. ಆದ್ದರಿಂದ ‘ನಗದು ಕೌಂಟರ್’, ‘ಸಾಲದ ಅರ್ಜಿ’, ‘ಸಾಲ ಮಂಜೂರಾತಿ’, ‘ಆಭರಣ ಮೌಲ್ಯಮಾಪನ’, ‘ಪಿಗ್ಮಿ ಸಂಗ್ರಹ’, ‘ಲೆಕ್ಕಪರಿಶೋಧನೆ’, ‘ಬಳಕೆದಾರರ ನಿರ್ವಹಣೆ’ ಎಂದು ಕೆಲಸದ ಹೆಸರಿನಲ್ಲೇ ಪಾತ್ರಗಳಿರಲಿ. ಒಬ್ಬರಿಗೆ ಎರಡು ಮೂರು ಪಾತ್ರ ಕೊಡಲು ಅಡ್ಡಿಯಿಲ್ಲ. ಪಾತ್ರಗಳ ಸಂಖ್ಯೆ ನೌಕರರ ಸಂಖ್ಯೆಯನ್ನು ಮೀರತೊಡಗಿದರೆ ಮಾತ್ರ ನಿಂತು ಯೋಚಿಸಿ, ಪಾತ್ರದಲ್ಲಿ ಇರಬಾರದ್ದು ಏನೋ ಅದರೊಳಗೆ ನುಸುಳಿದೆ ಎಂದರ್ಥ.

ಹೆಚ್ಚಾಗಿ ಹಾಗೆ ನುಸುಳುವುದು ಮೊತ್ತದ ಮಿತಿ ಮತ್ತು ಶಾಖೆಯ ಹೆಸರು. ‘ಐವತ್ತು ಸಾವಿರದವರೆಗಿನ ಮಂಜೂರಾತಿ’, ‘ಒಂದು ಲಕ್ಷದವರೆಗಿನ ಮಂಜೂರಾತಿ’ ಎಂದು ಪಾತ್ರಗಳನ್ನು ಸೀಳಬೇಡಿ. ಮಂಜೂರಾತಿ ಒಂದೇ ಪಾತ್ರ, ಮಿತಿಯನ್ನು ಪ್ರತ್ಯೇಕ ಕಾಲಮ್ಮಿನಲ್ಲಿಡಿ. ಆಡಳಿತ ಮಂಡಳಿ ಮಿತಿಯನ್ನು ಏರಿಸಿದ ದಿನ ಅಂಕಿಯೊಂದನ್ನು ತಿದ್ದಿದರೆ ಮುಗಿಯಿತು.

ಪಿಗ್ಮಿ ಸಂಗ್ರಾಹಕನ ಪರೀಕ್ಷೆ

ಪಿಗ್ಮಿ ನಮ್ಮ ಕರಾವಳಿಯ ಕೂಸು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ವಿಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಈ ಯೋಜನೆಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆ ಬಾಗಿಲಿಗೆ ಹೋಗಿ ಪಡೆಯುವ ವ್ಯವಸ್ಥೆ ಅದು. ಇಂದು ಸಂಗ್ರಾಹಕನ ಕೈಯಲ್ಲಿ ರಸೀದಿ ಪುಸ್ತಕದ ಬದಲು ಮೊಬೈಲ್ ಇದೆ. ಪಾತ್ರಗಳನ್ನು ಮಾತ್ರ ನಂಬಿದ ವಿನ್ಯಾಸ ಮುರಿದು ಬೀಳುವುದು ಇವನ ಹತ್ತಿರ ಬಂದಾಗಲೇ. ಹಾಗಾಗಿ ಯಾರೇ ತಮ್ಮ ವಿನ್ಯಾಸವನ್ನು ತೋರಿಸಲಿ, ಪಿಗ್ಮಿ ಸಂಗ್ರಾಹಕನನ್ನು ಅದರಲ್ಲಿ ನಡೆಸಿ ತೋರಿಸಿ ಎನ್ನುತ್ತೇನೆ.

ಒಂದೇ ಶಾಖೆಯ ಇಬ್ಬರು ಸಂಗ್ರಾಹಕರನ್ನು ತೆಗೆದುಕೊಳ್ಳಿ. ಇಬ್ಬರ ಪಾತ್ರವೂ ಒಂದೇ, ಅನುಮತಿಗಳೂ ಒಂದೇ: ‘ಪಿಗ್ಮಿ.ನೋಡು’, ‘ಪಿಗ್ಮಿ.ವಸೂಲುಮಾಡು’. ಆದರೆ ಬಂದರಿನ ಅಂಗಡಿಗಳವನಿಗೆ ಉಳ್ಳಾಲದ ಕಡೆ ಹೋಗುವವನ ಗ್ರಾಹಕರು ಕಾಣಬಾರದು. ಪಾತ್ರ ಹೇಳುವುದು ಏನು ಮಾಡಬಹುದು ಎಂಬುದನ್ನು ಮಾತ್ರ. ಯಾರ ಖಾತೆಯ ಮೇಲೆ ಎಂಬುದನ್ನು ಹೇಳಲು ಇನ್ನೊಂದು ಬೇಕು, ಅದನ್ನು ನಾನು ವ್ಯಾಪ್ತಿ ಎನ್ನುತ್ತೇನೆ. ಸಂಗ್ರಾಹಕನ ವ್ಯಾಪ್ತಿ ಅವನಿಗೆ ಒಪ್ಪಿಸಿದ ಖಾತೆಗಳು, ಗುಮಾಸ್ತರದ್ದು ಅವರ ಶಾಖೆ, ಲೆಕ್ಕಪರಿಶೋಧಕರದ್ದು ಇಡೀ ಸಂಘ.

ವ್ಯಾಪ್ತಿಯನ್ನು ಎಲ್ಲಿ ಬರೆದಿಡುತ್ತೀರಿ ಎಂಬುದು ಮುಖ್ಯ. ಕೋಷ್ಟಕಗಳು ಹೀಗಿರಲಿ: ಬಳಕೆದಾರರು, ಪಾತ್ರಗಳು, ಅನುಮತಿಗಳು, ಯಾವ ಪಾತ್ರಕ್ಕೆ ಯಾವ ಅನುಮತಿ ಎಂಬ ಜೋಡಣೆ, ಕೊನೆಗೆ ‘ನಿಯೋಜನೆ’. ಈ ಕೊನೆಯ ಕೋಷ್ಟಕದ ಒಂದೊಂದು ಸಾಲಿನಲ್ಲೂ ಬಳಕೆದಾರ, ಪಾತ್ರ, ವ್ಯಾಪ್ತಿ, ಆರಂಭದ ದಿನ, ಮುಕ್ತಾಯದ ದಿನ, ನಿಯೋಜಿಸಿದವರು ಯಾರು ಎಂಬ ಆರೂ ಇರಬೇಕು. ವ್ಯಾಪ್ತಿಯನ್ನು ಬಳಕೆದಾರರ ಕೋಷ್ಟಕದಲ್ಲಿ ಇಟ್ಟಿರೋ, ಕೆಟ್ಟಿರಿ. ಸುರತ್ಕಲ್ ಶಾಖೆಯಲ್ಲಿ ವೋಚರ್ ಬರೆಯುವ ಒಬ್ಬರಿಗೆ ಮೂಲ್ಕಿ ಶಾಖೆಯ ಲೆಕ್ಕ ನೋಡುವ ಪಾತ್ರವನ್ನೂ ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಎಲ್ಲ ಪಾತ್ರಗಳ ಅನುಮತಿಗಳನ್ನು ಒಂದು ಚೀಲಕ್ಕೂ ಎಲ್ಲ ಶಾಖೆಗಳನ್ನು ಇನ್ನೊಂದು ಚೀಲಕ್ಕೂ ತುಂಬಿ ಹೊಂದಿಸಿದರೆ ಅವರು ಮೂಲ್ಕಿಯಲ್ಲೂ ವೋಚರ್ ಬರೆಯಬಲ್ಲವರಾಗುತ್ತಾರೆ. ಅನುಮತಿಯೂ ವ್ಯಾಪ್ತಿಯೂ ಒಂದೇ ನಿಯೋಜನೆಯ ಸಾಲಿನಲ್ಲಿ ಕೂಡಿಬರಬೇಕು:

    ಮಾಡಬಹುದೇ(ವ್ಯಕ್ತಿ, ಕೆಲಸ, ವಸ್ತು):
        ವಸ್ತುವಿನ ಮೇಲೆ ಈ ಕೆಲಸಕ್ಕೆ ಈ ವ್ಯಕ್ತಿಗೆ ತಡೆ ಇದ್ದರೆ: ಇಲ್ಲ
        ವ್ಯಕ್ತಿಯ, ಇಂದು ಜಾರಿಯಲ್ಲಿರುವ ಪ್ರತಿ ನಿಯೋಜನೆಗೆ:
            ಪಾತ್ರದಲ್ಲಿ ಆ ಕೆಲಸ ಇದ್ದು,
            ವಸ್ತು ಅದೇ ನಿಯೋಜನೆಯ ವ್ಯಾಪ್ತಿಯಲ್ಲಿದ್ದರೆ: ಹೌದು
        ಇಲ್ಲ

ಕೊನೆಯ ಸಾಲಿನ ‘ಇಲ್ಲ’ವನ್ನು ಗಮನಿಸಿ. ಯಾವ ನಿಯಮವೂ ಹೊಂದದಿದ್ದರೆ ಉತ್ತರ ನಿರಾಕರಣೆಯೇ ಆಗಿರಬೇಕು. ತಂತ್ರಾಂಶದ ಎಲ್ಲ ಕಡೆಗಳಲ್ಲೂ ಕರೆಯಬೇಕಾದದ್ದು ಈ ಒಂದೇ ಕ್ರಿಯೆಯನ್ನು (ಫಂಕ್ಷನ್). ‘ಪಾತ್ರ ಮ್ಯಾನೇಜರ್ ಆಗಿದ್ದರೆ’ ಎಂಬ ಸಾಲು ಬೇರೆ ಎಲ್ಲಾದರೂ ಕಂಡರೆ ಅಳಿಸಿಹಾಕಿ. ವೆಬ್ ತಂತ್ರಾಂಶ ಕಟ್ಟುವ ಚೌಕಟ್ಟುಗಳಾದ ಜ್ಯಾಂಗೊದಲ್ಲಿ ಗುಂಪುಗಳು, ಲಾರಾವೆಲ್‌ನಲ್ಲಿ ಪಾಲಿಸಿಗಳು ಎಂದು ಇದಕ್ಕೆ ಸಿದ್ಧ ಸೌಕರ್ಯಗಳಿವೆ, ಬಳಸಿ. ಆದರೆ ಜ್ಯಾಂಗೊದ ಗುಂಪು ಅನುಮತಿಗಳು ಇಡೀ ಕೋಷ್ಟಕಕ್ಕೆ ಅನ್ವಯಿಸುತ್ತವೆ. ಯಾವ ಖಾತೆ ಯಾರದ್ದು ಎಂಬ ವ್ಯಾಪ್ತಿಯ ವಿಚಾರವನ್ನು ನೀವೇ ಸೇರಿಸಬೇಕು.

ಪಟ್ಟಿ ತೋರಿಸುವ ಪುಟಗಳಲ್ಲಿ ಒಂದೊಂದೇ ಖಾತೆಯನ್ನು ಹೀಗೆ ಕೇಳುತ್ತಾ ಕೂರಲಾಗದು, ದತ್ತಸಂಚಯಕ್ಕೆ (ಡೇಟಾಬೇಸ್) ಕಳುಹಿಸುವ ಪ್ರಶ್ನೆಯಲ್ಲೇ ವ್ಯಾಪ್ತಿಯ ಸೋಸುವಿಕೆ ಸೇರಬೇಕು. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ತಂತ್ರಾಂಶ ಬಳಸುವವರಿಗೆ 9.5ನೆಯ ಆವೃತ್ತಿಯಿಂದ ಸಾಲುಮಟ್ಟದ ಸುರಕ್ಷತೆ, ಎಂದರೆ ಯಾವ ಸಾಲು ಯಾರಿಗೆ ಕಾಣಬೇಕು ಎಂಬ ನಿಯಮವನ್ನು ದತ್ತಸಂಚಯದಲ್ಲೇ ಬರೆದಿಡುವ ಸೌಕರ್ಯ, ಲಭ್ಯವಿದೆ. ಕೋಡಿನಲ್ಲಿ ಸೋಸುವುದನ್ನು ಯಾರಾದರೂ ಮರೆತರೂ ದತ್ತಸಂಚಯವೇ ತಡೆಯುತ್ತದೆ. ಒಂದು ಎಚ್ಚರ: ಕೋಷ್ಟಕದ ಒಡೆತನ ಇರುವ ಬಳಕೆದಾರನಿಗೆ ಈ ನಿಯಮಗಳು ತಾವಾಗಿ ಅನ್ವಯಿಸುವುದಿಲ್ಲ. ತಂತ್ರಾಂಶ ದತ್ತಸಂಚಯಕ್ಕೆ ಹೋಗುವುದು ಒಡೆಯನ ಹೆಸರಿನಲ್ಲೇ ಆದರೆ ನೀವು ಬರೆದ ನಿಯಮಗಳೆಲ್ಲ ಅಲಂಕಾರಕ್ಕೆ ಮಾತ್ರ.

ಬಟನ್ ಅಡಗಿಸಿದರೆ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿಬಿಡುತ್ತೇನೆ. ಬ್ರೌಸರಿನ ಮೇಲ್ಗಡೆಯ ವಿಳಾಸ ಪಟ್ಟಿಯಲ್ಲಿ ಖಾತೆ ಸಂಖ್ಯೆಯ ಕೊನೆಯ ಅಂಕಿಯನ್ನು ಬದಲಿಸಿ ನೋಡುವುದಕ್ಕೆ ಕಂಪ್ಯೂಟರ್ ವಿದ್ಯೆ ಬೇಕಿಲ್ಲ. ತಪಾಸಣೆ ಸರ್ವರಿನಲ್ಲೇ ನಡೆಯಬೇಕು, ಮೊಬೈಲ್ ಆ್ಯಪ್ ಮಾತನಾಡುವ ದ್ವಾರಗಳಲ್ಲೂ ನಡೆಯಬೇಕು. ನಿರಾಕರಿಸುವಾಗ ಸರ್ವರ್ ಕಳುಹಿಸುವ ಸಂಕೇತ ಸಂಖ್ಯೆ ಲಾಗಿನ್ ಆಗದವರಿಗೆ 401, ಲಾಗಿನ್ ಆಗಿದ್ದೂ ಅನುಮತಿ ಇಲ್ಲದವರಿಗೆ 403. ಬೇರೆಯವನ ಗ್ರಾಹಕನ ಖಾತೆಯನ್ನು ಸಂಗ್ರಾಹಕ ಕೇಳಿದಾಗ ಮಾತ್ರ ನಾನು 404 (ಸಿಗಲಿಲ್ಲ) ಕೊಡುತ್ತೇನೆ. ಅಂತಹ ಖಾತೆ ಇದೆ ಎಂಬ ಸುಳಿವೂ ಅವನಿಗೆ ಬೇಡ.

ಎರಡು ಕೀಲಿ

ಆಭರಣ ಸಾಲದ ತಿಜೋರಿಯನ್ನು ನೋಡಿದವರಿಗೆ ಗೊತ್ತು, ಅದಕ್ಕೆ ಎರಡು ಕೀಲಿ. ಒಂದು ವ್ಯವಸ್ಥಾಪಕರ ಬಳಿ, ಇನ್ನೊಂದು ನಗದು ಗುಮಾಸ್ತರ ಬಳಿ. ಇಬ್ಬರೂ ಇದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ವಿದ್ವಾಂಸರು 1975ರಲ್ಲಿ ಕಂಪ್ಯೂಟರ್ ಸುರಕ್ಷತೆಯ ತತ್ವಗಳನ್ನು ಬರೆದಾಗ ಕನಿಷ್ಠ ಅಧಿಕಾರ, ನಿರಾಕರಣೆಯೇ ಮೂಲಸ್ಥಿತಿ ಎಂಬುವುಗಳ ಜೊತೆಗೆ ಈ ಎರಡು ಕೀಲಿಯ ತತ್ವವನ್ನೂ ಸೇರಿಸಿದ್ದರು. ಸಂಘದವರಿಗೆ ಇದನ್ನು ವಿವರಿಸುವ ಶ್ರಮವೇ ಇಲ್ಲ, ಅವರು ನಮಗಿಂತ ಚೆನ್ನಾಗಿ ಬಲ್ಲರು.

ತಂತ್ರಾಂಶದಲ್ಲಿ ಇದನ್ನು ಪಾತ್ರಗಳಿಂದಲೇ ಸಾಧಿಸಲು ಹೊರಟರೆ, ‘ವೋಚರ್ ಬರೆಯುವವರಿಗೆ ಪಾಸು ಮಾಡುವ ಪಾತ್ರ ಕೊಡಬಾರದು’ ಎಂದು ನಿಯಮ ಮಾಡಬೇಕಾಗುತ್ತದೆ. ದೊಡ್ಡ ಬ್ಯಾಂಕಿಗೆ ಸರಿ. ಮೂವರೇ ನೌಕರರಿರುವ ಹಳ್ಳಿಯ ಶಾಖೆಯಲ್ಲಿ ಒಬ್ಬರು ರಜೆ ಹಾಕಿದರೆ ಕೆಲಸವೇ ನಿಂತುಹೋಗುತ್ತದೆ. ಅಲ್ಲಿ ಒಬ್ಬರಿಗೆ ಎರಡೂ ಪಾತ್ರ ಕೊಡುವುದು ಅನಿವಾರ್ಯ. ಬದಲಿಗೆ ತಡೆಯನ್ನು ವೋಚರಿನ ಮೇಲೆ ಇಡಿ: ಈ ವೋಚರನ್ನು ಬರೆದವರೇ ಈ ವೋಚರನ್ನು ಪಾಸು ಮಾಡುವಂತಿಲ್ಲ. ಬರೆದವರ ಗುರುತು ವೋಚರಿನ ಸಾಲಿನಲ್ಲೇ ಇರುವುದರಿಂದ ತಪಾಸಣೆ ಸುಲಭ. ವೋಚರ್ ತಿದ್ದುಪಡಿಯಾದರೆ ತಿದ್ದಿದವರೂ ಬರೆದವರೇ ಎಂದು ಲೆಕ್ಕ. ಇದನ್ನು ಬಿಟ್ಟರೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿ ತಾವೇ ಪಾಸು ಮಾಡುವ ಕಿಂಡಿ ತೆರೆದೇ ಇರುತ್ತದೆ.

ಇನ್ನೊಂದು ತಡೆಯೂ ಬೇಕು. ಸಂಘದ ನೌಕರರು ಸಾಮಾನ್ಯವಾಗಿ ಅದೇ ಸಂಘದ ಸದಸ್ಯರೂ ಆಗಿರುತ್ತಾರೆ, ಅವರ ಸಾಲವೂ ಠೇವಣಿಯೂ ಅಲ್ಲೇ ಇರುತ್ತದೆ. ತಮ್ಮ ಸ್ವಂತ ಖಾತೆಯ ಮೇಲೆ ಯಾರೂ ಯಾವ ಪಾತ್ರದಿಂದಲೂ ವ್ಯವಹಾರ ದಾಖಲಿಸುವಂತಿಲ್ಲ ಎಂಬ ನಿಯಮವನ್ನು ಮೇಲಿನ ಕ್ರಿಯೆಯ ಮೊದಲ ಸಾಲಿನಲ್ಲೇ ಇಟ್ಟಿದ್ದೇನೆ. ಬಳಕೆದಾರರ ದಾಖಲೆಯಲ್ಲಿ ಸದಸ್ಯತ್ವ ಸಂಖ್ಯೆಯನ್ನು ಸೇರಿಸದಿದ್ದರೆ ಇದು ಸಾಧ್ಯವಾಗದು. ಅದನ್ನು ಮೊದಲ ದಿನವೇ ಸೇರಿಸಿ.

ಪ್ರಭಾರ, ವರ್ಗಾವಣೆ, ವಿದಾಯ

ವ್ಯವಸ್ಥಾಪಕರ ಮನೆಯಲ್ಲಿ ದೈವದ ನೇಮ ಇದೆ, ಎರಡು ದಿನ ಬರುವುದಿಲ್ಲ. ಹೋಗುವ ಮುನ್ನ ಅವರು ಹಿರಿಯ ಗುಮಾಸ್ತರ ಕೈಗೆ ಪಾಸ್‌ವರ್ಡ್ ಬರೆದ ಚೀಟಿ ಕೊಡುತ್ತಾರೆ. ಇದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ, ತಂತ್ರಾಂಶ ಬೇರೆ ದಾರಿ ತೋರಿಸಲಿಲ್ಲ. ಕಾಗದದ ಕಾಲದಲ್ಲಿ ಇದಕ್ಕೆ ಪ್ರಭಾರದ ಆದೇಶ ಎಂಬುದಿತ್ತು: ಇಂತಹ ದಿನದಿಂದ ಇಂತಹ ದಿನದವರೆಗೆ ಇಂಥವರು ಪ್ರಭಾರ ವಹಿಸತಕ್ಕದ್ದು. ನಿಯೋಜನೆಯ ಕೋಷ್ಟಕದಲ್ಲಿ ಆರಂಭ ಮತ್ತು ಮುಕ್ತಾಯದ ದಿನಗಳನ್ನು ಇಡಿಸಿದ್ದು ಇದಕ್ಕೇ. ವ್ಯವಸ್ಥಾಪಕರೇ ತಮ್ಮ ಪಾತ್ರವನ್ನು ಎರಡು ದಿನಕ್ಕೆ ಒಬ್ಬರಿಗೆ ಒಪ್ಪಿಸುವ ಪುಟವೊಂದನ್ನು ಮಾಡಿಕೊಡಿ, ಅವಧಿ ಮುಗಿದ ಕೂಡಲೇ ಅದು ತಾನಾಗಿ ಜಾರಿ ತಪ್ಪಲಿ. ಪುಟ ತೆರೆಯಲು ಹತ್ತು ಕ್ಲಿಕ್ ಬೇಕಾದರೆ ಮತ್ತೆ ಚೀಟಿಯೇ ಗೆಲ್ಲುತ್ತದೆ.

ವರ್ಗಾವಣೆಯಲ್ಲಿ ತೊಂದರೆ ಉಲ್ಟಾ. ಹೊಸ ಶಾಖೆಯ ಪಾತ್ರ ಸಿಗದಿದ್ದರೆ ನೌಕರರು ಫೋನ್ ಮಾಡಿ ಕೇಳುತ್ತಾರೆ, ಹಳೆಯ ಶಾಖೆಯ ಪಾತ್ರ ಉಳಿದಿದ್ದರೆ ಯಾರೂ ಫೋನ್ ಮಾಡುವುದಿಲ್ಲ. ಆದ್ದರಿಂದ ‘ವರ್ಗಾವಣೆ’ ಎಂಬುದು ಹಳೆಯದನ್ನು ಮುಚ್ಚಿ ಹೊಸದನ್ನು ತೆರೆಯುವ ಒಂದೇ ಕ್ರಿಯೆಯಾಗಿರಲಿ.

ಕೆಲಸ ಬಿಟ್ಟ ಸಂಗ್ರಾಹಕನ ವಿಚಾರ ಇನ್ನೂ ತುರ್ತಿನದು. ಲಾಗಿನ್ ಆದಾಗ ಪಾತ್ರಗಳನ್ನೆಲ್ಲ ಟೋಕನ್ನಿನೊಳಗೆ (ಪ್ರತಿ ಕೋರಿಕೆಯ ಜೊತೆ ಸರ್ವರಿಗೆ ತೋರಿಸುವ ಗುರುತುಚೀಟಿ) ಬರೆದು ದಿನವಿಡೀ ಅದನ್ನೇ ನಂಬುವ ವಿನ್ಯಾಸ ಈಗ ಬಹಳ ಬಳಕೆಯಲ್ಲಿದೆ. ಬೆಳಿಗ್ಗೆ ಹತ್ತಕ್ಕೆ ಅವನನ್ನು ತೆಗೆದುಹಾಕಿದರೂ ಸಂಜೆಯವರೆಗೆ ಅವನ ಮೊಬೈಲ್ ರಸೀದಿ ಕೊಡುತ್ತಲೇ ಇರುತ್ತದೆ, ಹಣ ಕೊಟ್ಟವರು ಸಂಘದ ರಸೀದಿ ಹಿಡಿದು ಬರುತ್ತಾರೆ. ಟೋಕನ್ನಿನ ಆಯುಷ್ಯವನ್ನು ಕೆಲವೇ ನಿಮಿಷಗಳಿಗೆ ಇಳಿಸುವುದು ಒಂದು ಉಪಾಯ. ನನಗೆ ಮೆಚ್ಚುಗೆಯಾದದ್ದು ಇನ್ನೊಂದು: ಬಳಕೆದಾರರ ಸಾಲಿನಲ್ಲಿ ಒಂದು ಆವೃತ್ತಿ ಸಂಖ್ಯೆ ಇಡಿ, ಅವರ ನಿಯೋಜನೆ ಬದಲಾದಾಗಲೆಲ್ಲ ಅದನ್ನು ಏರಿಸಿ, ಟೋಕನ್ನಿನಲ್ಲಿರುವ ಸಂಖ್ಯೆ ಅದಕ್ಕೆ ಹೊಂದದಿದ್ದರೆ ಮತ್ತೆ ಲಾಗಿನ್ ಕೇಳಿ. ಪ್ರತಿ ಕೋರಿಕೆಗೂ ದತ್ತಸಂಚಯವನ್ನು ಒಮ್ಮೆ ನೋಡಬೇಕಾಗುತ್ತದೆ, ನಿಜ. ಒಂದು ಸಹಕಾರಿ ಸಂಘದ ವ್ಯವಹಾರಕ್ಕೆ ಅದು ಲೆಕ್ಕಕ್ಕೇ ಬರದ ಹೊರೆ.

‘ಎಲ್ಲವೂ ಕಾಣಬೇಕು’ ಎನ್ನುವವರು

ತಂತ್ರಾಂಶ ಒಪ್ಪಿಸುವ ಹೊತ್ತಿಗೆ ನಿರ್ದೇಶಕರೊಬ್ಬರು ಬಂದು ತಮಗೆ ಎಲ್ಲವೂ ಕಾಣಬೇಕು ಎನ್ನುತ್ತಾರೆ. ಬಹುತೇಕ ಸಲ ಅವರು ಕೇಳುತ್ತಿರುವುದು ಮರ್ಯಾದೆಯನ್ನು, ಮಾಹಿತಿಯನ್ನಲ್ಲ. ವಾದಕ್ಕೆ ಇಳಿಯಬೇಡಿ. ಒಟ್ಟು ಠೇವಣಿ, ಒಟ್ಟು ಸಾಲ, ಸುಸ್ತಿ ಮೊತ್ತ, ಶಾಖೆವಾರು ಏರಿಳಿತ ಎಲ್ಲವೂ ಇರುವ ಒಂದು ಅಂದವಾದ ಪುಟ ಮಾಡಿಕೊಡಿ, ಅದರಲ್ಲಿ ಸದಸ್ಯರ ಹೆಸರು ಮಾತ್ರ ಇರದಿರಲಿ. ಮಂಡಳಿಯ ಸಭೆಗೆ ಬರುವ ಸಾಲದ ಅರ್ಜಿಗಳು ಆ ಸಭೆಯ ಕಾರ್ಯಸೂಚಿಯ ಮೂಲಕ ಕಾಣಲಿ.

ಇದಕ್ಕಿಂತ ಕಠಿಣವಾದದ್ದು ಪಾತ್ರ ಕೊಡುವ ಅಧಿಕಾರ ಯಾರಿಗೆ ಎಂಬುದು. ಬಳಕೆದಾರರ ನಿರ್ವಹಣೆ ಮಾಡುವವರು ಹಣದ ಯಾವ ಕೆಲಸವನ್ನೂ ಮಾಡುವಂತಿರಬಾರದು, ತಮಗೆ ತಾವೇ ಪಾತ್ರ ಕೊಟ್ಟುಕೊಳ್ಳುವಂತಿರಬಾರದು. ಮಂಜೂರಾತಿಯಂತಹ ತೂಕದ ಪಾತ್ರ ಕೊಡುವಾಗ ಇನ್ನೊಬ್ಬರು ಒಪ್ಪಿಗೆ ಕೊಟ್ಟರೆ ಮಾತ್ರ ಅದು ಜಾರಿಗೆ ಬರಲಿ. ಎಲ್ಲವನ್ನೂ ಮಾಡಬಲ್ಲ ತುರ್ತು ಖಾತೆ ಒಂದು ಬೇಕೇ ಬೇಕು. ಅದರ ಪಾಸ್‌ವರ್ಡ್ ಮೊಹರು ಹಾಕಿದ ಲಕೋಟೆಯಲ್ಲಿ ಅದೇ ಎರಡು ಕೀಲಿಯ ತಿಜೋರಿಯೊಳಗೆ ಇರಲಿ, ಆ ಖಾತೆಯಿಂದ ಯಾರು ಲಾಗಿನ್ ಆದರೂ ಅಧ್ಯಕ್ಷರಿಗೂ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೂ ಕೂಡಲೇ ಸಂದೇಶ ಹೋಗಲಿ.

ಯಾರು, ಯಾವಾಗ, ಯಾವ ಪಾತ್ರದಿಂದ, ಏನು ಮಾಡಿದರು ಎಂಬ ದಾಖಲೆಯನ್ನು ಪ್ರತ್ಯೇಕ ಕೋಷ್ಟಕದಲ್ಲಿ ಇಡಿ. ತಂತ್ರಾಂಶ ಯಾವ ಹೆಸರಿನಲ್ಲಿ ದತ್ತಸಂಚಯಕ್ಕೆ ಹೋಗುತ್ತದೋ ಆ ಬಳಕೆದಾರನಿಗೆ ಆ ಕೋಷ್ಟಕಕ್ಕೆ ಸೇರಿಸುವ ಹಕ್ಕು ಮಾತ್ರ ಇರಲಿ, ತಿದ್ದುವ ಅಳಿಸುವ ಹಕ್ಕು ಬೇಡ. ನಿರಾಕರಿಸಿದ ಪ್ರಯತ್ನಗಳನ್ನೂ ಬರೆದಿಡಿ. ಒಬ್ಬರ ಹೆಸರಿನಲ್ಲಿ ಒಂದೇ ಮಧ್ಯಾಹ್ನ ಸಾಲಾಗಿ 404 ಬಿದ್ದಿದ್ದರೆ ಯಾರೋ ಖಾತೆ ಸಂಖ್ಯೆಗಳನ್ನು ಎಣಿಸುತ್ತಾ ಕುಳಿತಿದ್ದಾರೆ ಎಂದೇ ತಿಳಿಯಿರಿ.

ಪರೀಕ್ಷೆಯನ್ನು ಎರಡು ಬಗೆಯಲ್ಲಿ ಬರೆಯಿರಿ. ಮೊದಲನೆಯದು, ತಂತ್ರಾಂಶದ ಎಲ್ಲ ವಿಳಾಸಗಳನ್ನು ತಾನಾಗಿ ಪಟ್ಟಿ ಮಾಡಿ, ಯಾವುದಕ್ಕೆ ಅನುಮತಿಯ ಹೆಸರು ಘೋಷಿಸಿಲ್ಲವೋ ಅದನ್ನು ಹಿಡಿದು ನಿಲ್ಲಿಸುವ ಪರೀಕ್ಷೆ. ಹೊಸ ಪುಟ ಸೇರಿಸಿದವರು ಅನುಮತಿ ಬರೆಯಲು ಮರೆತರೆ ಆ ಆವೃತ್ತಿ ಹೊರಗೇ ಹೋಗಬಾರದು. ಎರಡನೆಯದು, ಪಾತ್ರಗಳನ್ನು ಅಡ್ಡಕ್ಕೂ ಅನುಮತಿಗಳನ್ನು ಉದ್ದಕ್ಕೂ ಇಟ್ಟ ಚೌಕುಳಿ. ಪ್ರತಿ ಚೌಕಕ್ಕೂ ಹೌದು ಅಥವಾ ಇಲ್ಲ ಎಂದು ಬರೆದು, ತಂತ್ರಾಂಶ ಅದರಂತೆಯೇ ನಡೆಯುತ್ತದೆಯೇ ಎಂದು ಓಡಿಸಿ ನೋಡಿ. ಹೆಚ್ಚು ಗಮನ ‘ಇಲ್ಲ’ ಎಂಬ ಚೌಕಗಳ ಮೇಲಿರಲಿ. ‘ಹೌದು’ ಕೆಟ್ಟರೆ ನೌಕರರೇ ದೂರು ಕೊಡುತ್ತಾರೆ.

ಅದೇ ಚೌಕುಳಿಯನ್ನು ಕನ್ನಡದಲ್ಲಿ ಮುದ್ರಿಸಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಸಹಿ ಪಡೆಯಿರಿ. ಮೂರು ತಿಂಗಳಿಗೊಮ್ಮೆ, ಯಾರಿಗೆ ಯಾವ ಪಾತ್ರ ಯಾವ ವ್ಯಾಪ್ತಿಯಲ್ಲಿ ಇದೆ ಎಂಬ ಪಟ್ಟಿಯನ್ನು ಶಾಖೆಗಳಿಗೆ ಕಳುಹಿಸಿ, ಬೇಡವಾದದ್ದಕ್ಕೆ ಗೆರೆ ಎಳೆದು ಕಳುಹಿಸುವಂತೆ ಕೇಳಿ. ಆ ಪಟ್ಟಿಯಲ್ಲಿ ತಂತ್ರಾಂಶ ಮಾಡಿಕೊಟ್ಟ ನಮ್ಮ ಹೆಸರುಗಳೂ ಇರಬೇಕು. ದುರಸ್ತಿಗೆಂದು ನಮ್ಮ ಹುಡುಗರಿಗೆ ಕೊಡುವ ನಿಯೋಜನೆಗೂ ಮುಕ್ತಾಯದ ದಿನ ಕಡ್ಡಾಯ, ಮತ್ತು ಆ ದಿನವನ್ನು ಮುಂದೂಡುವ ಅಧಿಕಾರ ಸಂಘದವರ ಕೈಯಲ್ಲೇ ಇರಲಿ.